ಚನ್ನಬಸಪ್ಪನವರ ಕೈಗುಣ

ಬೆಳಿಗ್ಗೆ ಅಡಿಗೆಮನೆಯಲ್ಲಿ ಇದ್ದವರು ನಾವಿಬ್ಬರೇ, ನಾನು ಮತ್ತು ನನ್ನ ಮೊಮ್ಮಗಳು. ಬೇಕಿದ್ದರೆ ಕುಕ್ಕರನ್ನೂ ಸೇರಿಸಿಕೊಳ್ಳಿ. ಮಾತಿನ ನಡುವೆ ಬಾಯಿ ಹಾಕುವುದರಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಒಳಗೆ ಹುರುಳಿ ಬೇಯುತ್ತಿತ್ತು. ಮೊಮ್ಮಗಳಿಗೆ ಸ್ಕೂಟರ್ ಲೈಸೆನ್ಸಿನ ಪರೀಕ್ಷೆ. ಹೆಲ್ಮೆಟ್ಟನ್ನು ಬಿಂದಿಗೆಯಂತೆ ಸೊಂಟಕ್ಕಿಟ್ಟುಕೊಂಡು ನಿಂತವಳು, "ಅಜ್ಜಿ, ನೂರು ರೂಪಾಯಿ ಬೆಟ್. ನಾನಿವತ್ತು ಫೇಲ್" ಎಂದಳು. ಪಾಸಾದರೆ ಅವಳು ನನಗೆ ಕೊಡುತ್ತಾಳಂತೆ, ಫೇಲಾದರೆ ನಾನು ಅವಳಿಗೆ ಕೊಡಬೇಕಂತೆ. ಹೇಗಾದರೂ ಒಂದು ಖುಷಿ ಗ್ಯಾರಂಟಿ ಎಂಬುದು ಅವಳ ವಾದ.

ವಾದದಲ್ಲೇನೂ ತಪ್ಪಿರಲಿಲ್ಲ. ಆದರೆ ಮೂಗಿಗೆ ಹುರುಳಿಯ ವಾಸನೆ, ಕಿವಿಗೆ ಬೆಟ್ಟಿನ ಮಾತು ಎರಡೂ ಒಟ್ಟಿಗೇ ಬಿದ್ದರೆ ನನಗೆ ಚನ್ನಬಸಪ್ಪನವರು ನೆನಪಾಗದೆ ಇರುವುದು ಹೇಗೆ?

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಬಂದ ನಾನು ಸಂಸಾರ ಹೂಡಿದ್ದು ರಾಜಾಜಿನಗರದಲ್ಲಿ, ಚನ್ನಬಸಪ್ಪನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ನಮ್ಮವರು ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತರು; ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುವ, ಜಗತ್ತಿನ ಪ್ರತಿಯೊಂದು ವಿಷಯದ ಮೇಲೂ ಖಚಿತ ಅಭಿಪ್ರಾಯವಿದ್ದ ಮನುಷ್ಯ. ಚನ್ನಬಸಪ್ಪನವರು ದಾವಣಗೆರೆ ಕಡೆಯಿಂದ ಬಂದು ಕಾಳುಬೇಳೆ ವ್ಯಾಪಾರದಲ್ಲಿ ನೆಲೆ ನಿಂತವರು. ಹಣೆ ತುಂಬ ವಿಭೂತಿ, ಬಿಳಿ ಧೋತರ, ತೂಕದ ಮಾತು. ಇಂಥವರು ರೇಸ್ ಕುದುರೆಯಲ್ಲಿ ಅರ್ಧ ಪಾಲು ಇಟ್ಟುಕೊಂಡಿದ್ದಾರೆ ಎಂದರೆ ಮೊದಲು ನಾನು ನಂಬಲಿಲ್ಲ. ಇನ್ನರ್ಧ ಮದರಾಸಿನ ಒಬ್ಬ ವ್ಯಾಪಾರಿಯದು. ಕಾಗದದ ಮೇಲೆ ಆ ಹೆಣ್ಣು ಕುದುರೆಗೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮನೆಯಲ್ಲಿ ಮಾತ್ರ ಅವಳು ಬೆಳ್ಳಿ.

ಬೆಳ್ಳಿಯನ್ನು ನಾನು ಕಣ್ಣಾರೆ ನೋಡಿದ್ದು ಒಮ್ಮೆ ಮಾತ್ರ, ಲಾಯದಲ್ಲಿ. ಆದರೂ ಅವಳ ಬಾಣಸಿಗರಲ್ಲಿ ನಾನೂ ಒಬ್ಬಳಾಗಿದ್ದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಲಾಯದಲ್ಲಿ ಮೇವಿಗೆ ಕೊರತೆಯಿರಲಿಲ್ಲ. ಆದರೆ ಮನೆಮಗಳಿಗೆ ಮನೆಯ ಕಾಳು ಹೋಗಬೇಕೆಂಬುದು ಚನ್ನಬಸಪ್ಪನವರ ಹಟ. ಹಾಗಾಗಿ ಅವರ ಹೆಂಡತಿ ಗೌರಮ್ಮನವರೂ ನಾನೂ ಮಧ್ಯಾಹ್ನ ಜಗಲಿಯಲ್ಲಿ ಮೊರ ಹಿಡಿದು ಕೂತು ಹುರುಳಿಯ ಕಲ್ಲು ಆರಿಸುತ್ತಿದ್ದೆವು. "ನನ್ನ ಬಾಣಂತನದಾಗೂ ನಮ್ಮತ್ತಿ ಇಷ್ಟು ಕಾಳಜಿ ಮಾಡಿರಲಿಲ್ಲ ನೋಡವ್ವಾ" ಎಂದು ಗೌರಮ್ಮನವರು ಗಂಡನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಆರಿಸಿದ ಕಾಳು ಚೀಲ ಸೇರುತ್ತಿತ್ತು, ಚೀಲ ಲಾಯಕ್ಕೆ ಹೋಗುತ್ತಿತ್ತು. ಬೆಳ್ಳಿ ತಿನ್ನುತ್ತಿದ್ದಳೋ, ಲಾಯದವರ ಮನೆಯಲ್ಲಿ ಸಾರಾಗುತ್ತಿತ್ತೋ, ನಾವು ಕೇಳಲು ಹೋಗಲಿಲ್ಲ.

ಸಂಜೆ ಅದೇ ಜಗಲಿಯಲ್ಲಿ ಗಂಡಸರ ಚರ್ಚೆ. ಒಂದು ದಿನ ಮಾತು ಎಲ್ಲಿಂದಲೋ ಹೊರಟು, ಕುದುರೆಯ ಯಜಮಾನ ತನ್ನ ಕುದುರೆಯನ್ನು ಬಿಟ್ಟು ಎದುರಾಳಿಯ ಮೇಲೆ ದುಡ್ಡು ಕಟ್ಟಬಹುದೇ ಎಂಬಲ್ಲಿಗೆ ಬಂತು. ಕೂಡದು ಎಂದರು ನಮ್ಮವರು, ಕೇಳಿದ ಕೂಡಲೇ. ಚನ್ನಬಸಪ್ಪನವರು ಒಪ್ಪಲಿಲ್ಲ. ದುಡ್ಡು ಯಜಮಾನನದು, ಸೋಲಬಹುದೆಂಬ ಅನುಮಾನವೂ ಅವನದೇ. ಗೆಲ್ಲುವಂತೆ ಕಾಣುವುದರ ಮೇಲೆ ಕಟ್ಟಿದರೆ ಯಾರ ಗಂಟು ಹೋಯಿತು ಎಂದರು. ನಮ್ಮವರು ಬಿಡುವ ಪೈಕಿಯಲ್ಲ. "ನಿಮ್ಮಂಗಡಿ ಬೇಳೆ ಬಿಟ್ಟು ನೀವು ಎದುರಂಗಡೀಲಿ ಬೇಳೆ ತಗೊಂಡ್ರೆ, ನೋಡ್ದೋರು ಏನಂದ್ಕೊಳ್ತಾರೆ ಸಾರ್?" ಎಂದು ಕೇಳಿದರು. ಚನ್ನಬಸಪ್ಪನವರು ನಕ್ಕರು. "ನೋಡೋರ ಕಣ್ಣಿಗೆ ಹೆದ್ರಿ ವ್ಯಾಪಾರ ಮಾಡಾಕ್ಕಾಗತೈತೇನ್ರೀ?" ಎಂದರು. ಅಷ್ಟರಲ್ಲಿ ಗೌರಮ್ಮನವರು ಮಂಡಕ್ಕಿ ತಂದಿಟ್ಟಿದ್ದರಿಂದ ಆ ಪ್ರಶ್ನೆ ತೀರ್ಮಾನವಾಗದೆ ಉಳಿಯಿತು. ನಮ್ಮ ಜಗಲಿಯ ಎಷ್ಟೋ ಪ್ರಶ್ನೆಗಳಿಗೆ ಮಂಡಕ್ಕಿಯೇ ಉತ್ತರ.

ಆಮೇಲೆ ಒಂದು ದಿನ ಮದರಾಸಿನ ಪಾಲುದಾರ ಖಂಡಿತವಾಗಿ ಹೇಳಿಬಿಟ್ಟರು. ಈ ಸೀಸನ್ನಿನಲ್ಲಿ ಬೆಳ್ಳಿ ಒಂದು ರೇಸನ್ನೂ ಗೆದ್ದಿಲ್ಲ. ಉಳಿದಿರುವುದು ಒಂದೇ. ಅದನ್ನೂ ಸೋತರೆ ಮಾರಿಬಿಡುವುದು. ಅವತ್ತಿನಿಂದ ಚನ್ನಬಸಪ್ಪನವರಿಗೆ ಊಟ ಸೇರಲಿಲ್ಲ. ಲಿಂಗಪೂಜೆಗೆ ಕೂತರೆ ಎದ್ದೇಳುವುದೇ ತಡವಾಗುತ್ತಿತ್ತು. ಪೂಜೆಯಿಂದ ಎದ್ದು ಬಂದು ಒಂದು ಬೆಳಿಗ್ಗೆ ಗೌರಮ್ಮನವರಿಗೂ, ಅಲ್ಲೇ ಇದ್ದ ನನಗೂ, ತಾವು ಕಂಡುಕೊಂಡ ಸತ್ಯವನ್ನು ಹೇಳಿದರು. ತಾವು ದುಡ್ಡು ಕಟ್ಟಿದಾಗಲೆಲ್ಲ ಬೆಳ್ಳಿ ಸೋತಿದ್ದಾಳೆ. ಹಿಂದಿನ ವರ್ಷ ದಾವಣಗೆರೆಯ ಮದುವೆಗೆ ಹೋಗಿ ದುಡ್ಡು ಕಟ್ಟದೆ ಉಳಿದಾಗ ಗೆದ್ದಿದ್ದಾಳೆ. "ನನ್ನ ಕೈಗುಣ ಸರಿ ಇಲ್ಲವ್ವಾ. ನಾ ಯಾವುದರ ಮ್ಯಾಲೆ ಕಟ್ತೀನೋ ಅದು ಮುಗ್ಗರಿಸ್ತೈತಿ." ಆದ್ದರಿಂದ ಈ ಸಲ, ಅದೇ ರೇಸಿನಲ್ಲಿ ಬೆಳ್ಳಿಗೆ ಸಮನಾಗಿ ಓಡಬಲ್ಲ ಒಂದು ಕಂದು ಕುದುರೆಯ ಮೇಲೆ ಕಟ್ಟಿ, ತಮ್ಮ ಕೈಗುಣವನ್ನು ಅದಕ್ಕೆ ಅಂಟಿಸಿಬಿಡುವುದು!

ನಗಬೇಡಿ. ಛತ್ರಿ ಹಿಡಿದು ಹೊರಟರೆ ಮಳೆ ಬರುವುದಿಲ್ಲ ಎಂದು ನಂಬಿ ವರ್ಷಗಟ್ಟಲೆ ಛತ್ರಿ ಹೊತ್ತವಳು ನಾನು. ನನಗಂತೂ ಅವರ ಮಾತು ನ್ಯಾಯವಾಗಿಯೇ ಕಂಡಿತು. ಗೌರಮ್ಮನವರ ತಮ್ಮ ಶಿವಣ್ಣ ರೇಸ್ ಕೋರ್ಸಿನಲ್ಲಿ ಕಿಟಕಿಯ ಮುಂದೆ ನಿಂತು ಚನ್ನಬಸಪ್ಪನವರ ದುಡ್ಡಿನಲ್ಲಿ ಬೆಟ್ಟಿನ ಟಿಕೆಟ್ ಕೊಳ್ಳುವುದೆಂದು ಗೊತ್ತಾಯಿತು. ನಮ್ಮವರಿಗೆ ಹೇಳಬಾರದೆಂದು ನನಗೆ ತಾಕೀತಾಯಿತು.

ರೇಸಿನ ದಿನ ಸಂಜೆ ಚನ್ನಬಸಪ್ಪನವರೂ ಶಿವಣ್ಣನೂ ಬಂದು ಜಗಲಿಯ ಮೇಲೆ ಕೂತರು. ಕಂದು ಕುದುರೆ ಗೆದ್ದಿತ್ತು. ಕೈಗುಣ ಮೊದಲ ಬಾರಿಗೆ ಫಲಿಸಿತ್ತು, ಫಲಿಸಬಾರದ ದಿನ. ಗೆದ್ದ ದುಡ್ಡು ಶಿವಣ್ಣನ ಟವಲಿನಲ್ಲಿ ಗಂಟಾಗಿ ಕೂತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಆಗ ಬಂದವನು ಮುನಿರಾಜು, ಬೆಳ್ಳಿಯ ಸವಾರ, ಹೊಸಹಳ್ಳಿಯವನು. ಸೋತು ಬಂದವನ ಮುಖವಾಗಿರಲಿಲ್ಲ ಅದು. ಜಗಲಿಯ ಅಂಚಿನಲ್ಲಿ ಕೂತು ತಗ್ಗಿದ ದನಿಯಲ್ಲಿ, "ನಿಮ್ಮಿಷ್ಟದಂಗೇ ಮಾಡಿದೀನಿ ಸಾವ್ಕಾರ್ರೇ" ಎಂದ.

ಚನ್ನಬಸಪ್ಪನವರಿಗೆ ಅರ್ಥವಾಗಲಿಲ್ಲ. "ನಾ ಏನ್ ಹೇಳಿದ್ದೆ ನಿನಗೆ?"

"ಬಾಯ್ಬಿಟ್ಟು ಹೇಳ್ಬೇಕಾ? ನಿಮ್ಮ ಭಾವಮೈದ ಆ ಕುದುರೆಗೆ ಟಿಕೆಟ್ ತಗೋತಾ ಇದಾರೆ ಅಂತ ಲಾಯದ ಹುಡುಗ್ರು ಬಂದು ಹೇಳಿದ್ರು. ತಿಳ್ಕೊಂಡೆ. ತಿರುವಿನಲ್ಲಿ ಲಗಾಮು ಸ್ವಲ್ಪ ಹಿಡ್ದೆ. ಅವಳು ಹೋಗ್ತೀನಿ ಹೋಗ್ತೀನಿ ಅಂತಾನೇ ಇದ್ಳು ಸಾವ್ಕಾರ್ರೇ, ನಾನೇ ಬಿಡ್ಲಿಲ್ಲ."

ಒಳಗಿನಿಂದ ಗೌರಮ್ಮನವರು ಬಾಗಿಲಿಗೆ ಬಂದು ನಿಂತರು. ಚನ್ನಬಸಪ್ಪನವರು ರೇಗುತ್ತಾರೆ ಎಂದುಕೊಂಡೆ. ರೇಗಲಿಲ್ಲ. ತಮ್ಮ ಅಂಗೈಗಳನ್ನೇ ನೋಡಿಕೊಂಡರು. ಹೆಂಡತಿಯತ್ತ ತಿರುಗಿ, ಅವನಿಗೆ ಕಾಫಿ ಕೊಡು ಎಂದರು. ಮುನಿರಾಜು ಅರ್ಧ ಕಾಫಿ ಕುಡಿಯುವ ಹೊತ್ತಿಗೆ ಕೈಗುಣದ ಕಥೆಯೆಲ್ಲ ಅವನಿಗೂ ತಿಳಿದಿತ್ತು. ಲೋಟ ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ.

"ನಿನ್ನ ತಪ್ಪು ಅಂತ ನಾ ಹೆಂಗ ಅನ್ನಲಿ" ಎಂದರು ಚನ್ನಬಸಪ್ಪನವರು. "ಲಗಾಮು ನಿನ್ನ ಕೈಯಾಗಿತ್ತು. ನೀ ನೋಡ್ತಿದ್ದದ್ದು ನನ್ನ ಕೈನ."

ನಮ್ಮವರು ಅಲ್ಲೇ ಇದ್ದರು. ಜಗಲಿಯ ವಾದವನ್ನು ತಾವು ಗೆದ್ದಿದ್ದೇವೆ ಎಂದು ಅವರು ಅವತ್ತೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ನಲವತ್ತು ವರ್ಷಗಳ ದಾಂಪತ್ಯದಲ್ಲಿ ಅವರು ಹೇಳದೆ ಬಿಟ್ಟ ಮಾತು ಅದೊಂದೇ ಇರಬೇಕು.

ಬೆಳ್ಳಿಯನ್ನು ಮಾರಿದರು; ಕೊಂಡವರು ಮದರಾಸಿಗೆ ಕರೆದೊಯ್ದರು. ಆ ವಾರಕ್ಕೆಂದು ಆರಿಸಿಟ್ಟ ಹುರುಳಿ ಚೀಲದಲ್ಲೇ ಉಳಿಯಿತು. ಗೌರಮ್ಮನವರು ನನಗೂ ಒಂದು ಪಾಲು ಕೊಟ್ಟರು. ಅಷ್ಟು ಹಸನಾದ ಹುರುಳಿಯಲ್ಲಿ ನಾನು ಮತ್ತೆಂದೂ ಸಾರು ಮಾಡಿಲ್ಲ. ಚನ್ನಬಸಪ್ಪನವರ ತಟ್ಟೆಗೆ ಮಾತ್ರ ಅದು ಹೋಗಲಿಲ್ಲವಂತೆ.

ಇಷ್ಟೂ ಕಥೆಯನ್ನು ಹೆಲ್ಮೆಟ್ ಹಿಡಿದು ನಿಂತ ಹುಡುಗಿಗೆ ಹೇಳಲಾಗುತ್ತದೆಯೇ? ಬೆಟ್ ಬೇಡ ಕಣೇ, ಹೋಗಿ ಬಾ ಎಂದಷ್ಟೇ ಹೇಳಿ ಕಳಿಸಿದೆ. ಜಿಪುಣಿ ಎಂದು ಬೈದು ಹೋದಳು.

ಮಧ್ಯಾಹ್ನ ಬಂದಳು. ಸ್ಕೂಟರನ್ನು ಎಂಟರ ಆಕಾರದಲ್ಲಿ ಸುತ್ತಿಸಿ ಎಂಟು ಹಾಕುವಾಗ ಕೊನೆಯ ತಿರುವಿನಲ್ಲಿ ಕಾಲೂರಿಬಿಟ್ಟಳಂತೆ. ಇನ್ನೊಮ್ಮೆ ಹೋಗಬೇಕು. ಅನ್ನಕ್ಕೆ ಹುರುಳಿ ಸಾರು ಕಲಸುತ್ತಾ, "ನೀನು ಬೆಟ್ ಒಪ್ಪಿದ್ದಿದ್ರೆ ಈಗ ಎಷ್ಟು ಖುಷಿಯಾಗಿರ್ತಿದ್ದೆ ಗೊತ್ತಾ ಅಜ್ಜಿ" ಎಂದಳು. ಅಂದವಳು ಕಲಸುವುದನ್ನು ನಿಲ್ಲಿಸಿ, "ಫೇಲಾಗಿದ್ದಕ್ಕೆ ಖುಷಿ!" ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಬಿಸಿಲು ಇಳಿದ ಮೇಲೆ ಸ್ಕೂಟರ್ ತೆಗೆದುಕೊಂಡು ಹಿಂದಿನ ಮೈದಾನಕ್ಕೆ ಹೋದಳು. ನಾನೂ ಮೊರ ಹಿಡಿದುಕೊಂಡು ಹೋಗಿ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತೆ, ನಾಳೆಯ ಹುರುಳಿ ಆರಿಸುತ್ತಾ. ಕತ್ತಲಾಗುವವರೆಗೆ ಅವಳು ಎಂಟು ಹಾಕಿದಳು.