ಮಣ್ಣು ಒಲ್ಲದ ಗಿಡ

ಅರವತ್ತನೇ ಇಸವಿ ಆಸುಪಾಸಿನ ಮಾತು. ವಿಜಾಪುರದ ಸೊಲ್ಲಾಪುರ ರಸ್ತೆದಾಗ ನಮ್ಮದು ಒಂದ ಖೋಲಿ. ಹಾಸಿಗಿ ಹಾಸಿದ್ರ ಒಲಿಗೆ ಜಾಗಿಲ್ಲ, ಒಲಿ ಹಚ್ಚಿದ್ರ ನಮಗ ಜಾಗಿಲ್ಲ. ಅಂಥಾದ್ರಾಗ ನನ್ನ ಹೆಂಡತಿ ಗಿಡ ಕೇಳಿದಳು. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ. ಹೊಟ್ಟ್ಯಾಗಿನ ಕೂಸು ಹೋದ ಮ್ಯಾಲ ಆಕಿ ಬಾಯಿಬಿಟ್ಟು ಕೇಳಿದ್ದು ಅದೊಂದ. ಉಳಿದಂಗ ಹೂಂ, ಉಹೂಂ, ಅಷ್ಟ.

ಆಕಿ ದಾಂಡೇಲಿ ಕಡಿಯಾಕಿ. ತವರಮನಿ ಹಿತ್ತಲದಾಗ ಟೊಂಗಿಗೆ ಕಟ್ಟಿ ಬೆಳಸ್ತಿದ್ದ ಸೀತಾಳಿ ಹೂವು ಬೇಕಂದಳು. ಈಗ ಅದಕ್ಕ ಆರ್ಕಿಡ್ ಅಂತಾರ. ನಾನು ಅಲ್ಲಿಗೆ ಹೋಗಿ, ಮೊಳದುದ್ದ ಗೊಂಚಲ ಇಳಿಬಿದ್ದಿದ್ದ ಒಂದಕ್ಕ ಕೈ ಹಾಕಿದೆ. ಮಾವ ನಕ್ಕು, "ಅಳಿಯಂದ್ರ, ಅದನ್ನ ಎಲ್ಲಿ ತೂಗಹಾಕ್ತೀರಿ, ನಿಮ್ಮ ಕೊಳ್ಳಾಗೇನು?" ಅಂದ್ರು. ಅಂಗೈಯಷ್ಟು ಗಿಡ ಒಂದನ್ನ ಆರಿಸಿ, ತೊಗಟಿ ತುಂಡಿಗೆ ಕಟ್ಟಿ ಕೊಟ್ರು. "ಇದು ಗುಣಕ್ಕ ಛಲೋ. ಕಿಡಕ್ಯಾಗ ಇಡ್ರಿ, ಬಿಸಲು ನೇರ ಬಡೀಬಾರದು, ಬೇರಿಗೆ ಗಾಳಿ ಆಡಬೇಕು. ಮಣ್ಣು ಮಾತ್ರ ಮುಟ್ಟಸಬ್ಯಾಡ್ರಿ."

ನಮ್ಮ ಬಾವಿದು ಸವಳ ನೀರು ಅಂತ ಆಕಿ ಮಳಿನೀರು ಹಿಡಿದಿಟ್ಟು ಚಿಮಕಿಸ್ತಿದ್ದಳು. ದೀಪಾವಳಿ ಆದಮ್ಯಾಲ ಮೊಗ್ಗಿನ ಕಡ್ಡಿ ಮೂಡಿತು. "ಬರ್ರಿ, ನೋಡ್ರಿ ಇಲ್ಲಿ!" ಅಂತ ಆಕಿ ಕೂಗಿದ್ದು ಕೇಳಿ ನನಗ ಹೋದ ಜೀವ ಬಂದಂಗಾತು. ಈ ಹೂವು ಅರಳಿದ್ರ ಆಕಿ ಮೊದಲಿನಂಗ ಆಗ್ತಾಳ ಅಂತ ಗಟ್ಟಿ ನಂಬಿದೆ.

ಆ ವಾರನ ನಮ್ಮವ್ವ ನಮ್ಮೂರು ಜೈನಾಪುರದಿಂದ ಬಂದಳು. ಆಕಿನ್ನ ಮನ್ಯಾಗ ಬಿಟ್ಟು ನಾನೂ ಹೆಂಡತಿನೂ ಟಿಕೋಟಾಕ್ಕ ಒಂದು ಮದವಿಗೆ ಹೋಗಿ ಸಂಜಿಗೆ ಬಂದ್ವಿ. ನೋಡ್ತೇವಿ, ಗಿಡ ಡಬ್ಬಿಯಾಗ ಕುಂತೈತಿ! ಕೊಳ್ಳಮಟ ಕರಿ ಎರಿ ಮಣ್ಣು, ಮ್ಯಾಲ ಸಗಣಿ ಗೊಬ್ಬರ, ಅದರ ಮ್ಯಾಲ ತುಂಬಿದ ತಂಬಿಗಿ ನೀರು.

"ಯಪ್ಪಾ, ಬೇರೆಲ್ಲಾ ಬರಿಮೈಲೆ ಜೋತಾಡಾಕತ್ತಿದ್ವು, ನೋಡಾಕಾಗಲಿಲ್ಲೋ. ತುಳಸಿಗೆ ಅಂತ ತಂದಿದ್ದ ನಮ್ಮ ಹೊಲದ ಮಣ್ಣು ಹಾಕೇನಿ. ಈಗ ನೋಡು, ಹೆಂಗ ಏಳತೈತಿ!" ಅಂದಳು ಅವ್ವ.

ನನಗ ಸಿಟ್ಟು ನೆತ್ತಿಗೇರಿತು. ಆದ್ರ ಏನಂತ ಬೈಲಿ? ನಮ್ಮ ಬಬಲೇಶ್ವರ ಸೀಮಿ ಎರಿ ಅಂದ್ರ ಅವ್ವಗ ಬಂಗಾರ. ಅದಕ್ಕಿಂತ ದೊಡ್ಡದು ಕೊಡಾಕ ಆಕಿ ಹತ್ರ ಏನೂ ಇರಲಿಲ್ಲ. ಹೆಂಡತಿ ನನ್ನ ತೋಳು ಹಿಡಿದು, "ಸುಮ್ಮನಿರ್ರಿ, ಅವರ ಮನಸು ನೋಯತೈತಿ" ಅಂತ ಪಿಸುಗುಟ್ಟಿದಳು.

ಸ್ವಲ್ಪ ದಿನದಾಗ ಮೊಗ್ಗು ಹಳದಿ ಆಗಿ ಉದುರಿತು. ಹೆಂಡತಿ ಗಿಡ ಕಿತ್ತು ನೋಡಿದಳು, ಬೇರೆಲ್ಲಾ ಕೊಳೆತು ಕೈಗೆ ಬಂತು. ನೋಡ್ಕೋತ ನಿಂತಿದ್ದ ಅವ್ವ ಹಣಿ ಬಡ್ಕೊಂಡಳು. "ನನ್ನ ಸೊಸಿ ನಗವಲ್ಲಳು, ಈ ಹೂವರೆ ನಗಸಲಿ ಅಂತ ಮಾಡಿದ್ನಲ್ಲೋ! ನನ್ನ ಕೈ ಮುರೀಲಿ!"

ಹೆಂಡತಿ ಆ ಕೈ ಹಿಡ್ಕೊಂಡಳು. "ಹಂಗನಬ್ಯಾಡ್ರಿ ಅತ್ತಿ. ಒಂದೊಂದು ಉಳಿಯಂಗಿಲ್ಲರಿ. ಯಾರ ತಪ್ಪೂ ಅಲ್ಲ" ಅಂದವಳ, ಅವ್ವನ ಉಡ್ಯಾಗ ಮಾರಿ ಇಟ್ಟು ದನಿ ತಗದು ಅಳಾಕ ಹತ್ತಿದಳು. ಕೂಸು ಹೋದಾಗೂ ಹಂಗ ಅತ್ತಿರಲಿಲ್ಲ. ನಾನು ಬಾಗಲದಾಗ ನಿಂತಿದ್ದೆ. ಒಳಗ ಹೋಗಾಕೂ ಕಾಲು ಬರಲಿಲ್ಲ, ಹೊರಗ ಹೋಗಾಕೂ ಬರಲಿಲ್ಲ.