ಅಕ್ಕನ ಗದ್ದೆಯ ಗಟ್ಟಿಪದರ

ಟ್ರ್ಯಾಕ್ಟರ್ ಓಡಿಸುವ ಅವನಿಗೆ ಊರವರು ಇಟ್ಟಿದ್ದ ಹೆಸರು ‘ಇನ್ನೊಂದು ಸಾಲು’. ಯಾರ ಗದ್ದೆಗೆ ಇಳಿದರೂ ಹೇಳಿದ್ದಕ್ಕಿಂತ ಒಂದು ಸಾಲು ಹೆಚ್ಚು ಉಳದೆ ಅವನಿಗೆ ಸಮಾಧಾನವಿಲ್ಲ. ಈ ಹೆಚ್ಚುಗಾರಿಕೆಯೇ ಅವನಿಗೆ ಮುಳುವಾಯಿತು.

ಹೊಸದಾಗಿ ತಂದ ಆಳದ ನೇಗಿಲನ್ನು ಮೊದಲು ಅಕ್ಕನ ಗದ್ದೆಗೇ ಇಳಿಸಿದ್ದ. ಅಕ್ಕನೇನೂ ಕೇಳಿರಲಿಲ್ಲ. ಭತ್ತದ ಗದ್ದೆಯಲ್ಲಿ ಒಂದು ಗೇಣು ಕೆಳಗೆ, ವರ್ಷಗಟ್ಟಲೆ ಕೆಸರು ತುಳಿದು ತುಳಿದು ಕೂತ ಗಟ್ಟಿಪದರವೊಂದಿರುತ್ತದೆ. ನಿಂತ ನೀರು ಅಡಿಯ ಮರಳಿಗೆ ಇಳಿಯದಂತೆ ತಡೆಯುವುದು ಅದೇ. ಇವನು ಉತ್ಸಾಹದಲ್ಲಿ ಅದನ್ನು ಸೀಳಿಬಿಟ್ಟಿದ್ದ. ನೇಗಿಲಿನ ಜೊತೆ ಮರಳು ಮೇಲೆದ್ದಾಗಲೇ ಮಾಡಿದ್ದೇನೆಂದು ಅವನಿಗೆ ತಿಳಿದುಹೋಗಿತ್ತು. ತುಟಿ ಪಿಟಕ್ಕೆನ್ನದೆ ಮಣ್ಣು ಮಟ್ಟ ಮಾಡಿ ಮನೆಗೆ ಹೋದ.

ನಾಟಿಯಾಯಿತು. ಪಕ್ಕದ ಗದ್ದೆಗಳಲ್ಲಿ ಆರು ದಿನ ನಿಲ್ಲುವ ನೀರು ಅಕ್ಕನ ಗದ್ದೆಯಲ್ಲಿ ಎರಡೇ ದಿನಕ್ಕೆ ಮಾಯ. ಅಕ್ಕ ನೀರು ಸೋರುವ ಏಡಿಬಿಲ ಹುಡುಕಿದಳು, ಬದು ಮೆತ್ತಿದಳು. ಕೊನೆಗೆ, ಸರದಿಯ ಪ್ರಕಾರ ಕಾಲುವೆ ನೀರು ಬಿಡುವ ಮುದುಕನನ್ನು ತೂಬಿನ ಬಳಿ ನಾಲ್ಕು ಜನರೆದುರು ತರಾಟೆಗೆ ತೆಗೆದುಕೊಂಡಳು.

“ನನ್ನ ಪಾಲಿನ ನೀರು ಯಾರಿಗೆ ಬಿಡ್ತಿದೀಯ? ಕಳ್ಳ.”

“ಪೂರ್ತಿ ಬಿಟ್ಟಿದೀನಿ ಕಣಮ್ಮ” ಎಂದ ಮುದುಕ.

ತಮ್ಮನೋ ಅಕ್ಕನ ಪಕ್ಕದಲ್ಲೇ ನಿಂತು ಚಪ್ಪಲಿಯ ಕೆಸರು ಕೆರೆಯುತ್ತಿದ್ದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಚಪ್ಪಲಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬರುತ್ತದೆ.

ತಪ್ಪು ತನ್ನದು, ಬೈಗುಳ ಇನ್ನೊಬ್ಬನಿಗೆ ಎಂಬುದು ಮೂರು ದಿನ ಅವನನ್ನು ಕೂತಲ್ಲಿ ನಿಂತಲ್ಲಿ ಕೊರೆಯಿತು. ನಾಲ್ಕನೆಯ ದಿನ, ಮುದುಕನನ್ನು ಕೆಲಸದಿಂದ ತೆಗೆಯಬೇಕೆಂಬ ಅರ್ಜಿ ಹಿಡಿದು ಅಕ್ಕ ತಮ್ಮನ ಸಹಿಗೆ ಬಂದಳು.

“ಸಹಿ ಇರಲಿ. ಮೊದಲು ಗದ್ದೆಗೆ ಬಾ” ಎಂದ.

ಟ್ರ್ಯಾಕ್ಟರ್ ತಿರುಗಲಾಗದೆ ಉಳುಮೆ ತಪ್ಪಿಸಿಕೊಂಡಿದ್ದ ಮೂಲೆಯಲ್ಲಿ ಹಾರೆ ಊರಿದ. ಗೇಣು ಆಳಕ್ಕೆ ಗಕ್ಕನೆ ನಿಂತಿತು. ನಡುಗದ್ದೆಯಲ್ಲಿ ಊರಿದ, ಅರ್ಧ ಹಾರೆ ಸಲೀಸಾಗಿ ಇಳಿದುಹೋಯಿತು.

“ತಳ ಒಡೆದಿದ್ದು ನಾನು, ಅಕ್ಕ. ಉಳುವಾಗಲೇ ಗೊತ್ತಾಗಿತ್ತು.”

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಅಕ್ಕ ಹಾರೆಯನ್ನೇ ನೋಡುತ್ತಿದ್ದಳು.

“ಮತ್ತೆ ಗಟ್ಟಿಯಾಗುತ್ತಾ?”

“ಆಗುತ್ತೆ. ಇನ್ನೂ ನಾಲ್ಕೈದು ವರ್ಷ ಕೆಸರು ತುಳೀಬೇಕು. ನಾನೇ ಬಂದು ತುಳೀತೀನಿ.”

ಅಕ್ಕ ಅರ್ಜಿಯನ್ನು ಹರಿದಳು. “ಗದ್ದೆ ಹಾಳಾಗಲಿ ಬಿಡು. ಆ ವಯಸ್ಸಾದವನನ್ನ ನಾನು ಕಳ್ಳ ಅಂದಾಗ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ.”

ಅವಳು ಮುದುಕನಿರುವ ತೂಬಿನ ಕಡೆ ಹೊರಟಳು. ಇವನು ಹಿಂದೆ ಹಿಂದೆ ಹೆಜ್ಜೆ ಹಾಕಿದ. ಅರ್ಧ ದಾರಿಯಲ್ಲಿ ಅವಳು ನಿಂತು ಬದುವಿನ ಮೇಲೆ ಪಕ್ಕಕ್ಕೆ ಸರಿದಳು.

“ನೀನು ಮುಂದೆ ನಡಿ. ಮೊದಲು ನೀನು ಹೇಳು, ಆಮೇಲೆ ನಾನು.”