ವೋಟು ಕೊಡುವ ಮುಂಚೆ ಗಂಡು ವಿಚಾರಿಸಿದ್ದು

ಇಸ್ತ್ರಿ ಅಕ್ಕನ ಪೆಟ್ಟಿಗೆ ಕಾದಿದೆಯೆಂದರೆ ಪಕ್ಕದ ಬೀದಿಯ ಅಂಗಿಗಳ ಸುಕ್ಕೂ ಹೆದರಿ ತಾನಾಗಿ ನೇರವಾಗುತ್ತಿತ್ತು. ಅಂಥವಳಿಗೆ ಭಾವನವರು, "ನಮ್ಮನೆ ವೋಟೆಲ್ಲ ಈ ಸಲ ಚುನಾವಣೆಗೆ ನಿಂತಿರೋ ಕಂಟ್ರಾಕ್ಟರಿಗೇ ಅಂತ ಮಾತು ಕೊಟ್ಟಾಗಿದೆ" ಎಂದರು. ಅವಳ ಇಸ್ತ್ರಿ ಮೇಜು ಇದ್ದದ್ದು ಅವರ ಮಹಡಿ ಮೆಟ್ಟಿಲ ಕೆಳಗೆ. ಒಲ್ಲೆನೆಂದರೆ ಮೇಜು ಬೀದಿಗೆ.

"ನಿಮ್ಮ ಮಾತು ನೀವು ಕೊಡಿ ಭಾವ. ನನ್ನ ವೋಟು ನಾನು ವಿಚಾರಿಸಿ ಕೊಡ್ತೀನಿ."

ಮನುಷ್ಯನನ್ನು ವಿಚಾರಿಸಲು ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ: ಹೆಣ್ಣು ಕೊಡುವವರು ಗಂಡಿನ ಅಕ್ಕಪಕ್ಕದವರನ್ನು ಕೇಳುವ ಹಾಗೆ. ಅಭ್ಯರ್ಥಿಗಳ ನೆರೆಮನೆಗಳಿಗೆಲ್ಲ ಹೋಗಿ, "ಹೇಗೆ ಜನ? ಸಿಟ್ಟು ಜಾಸ್ತಿನಾ? ಆಡಿದ ಮಾತು ನಡೆಸ್ತಾರಾ?" ಎಂದು ಕೇಳಿ ಬಂದಳು. ಅವಳು ಮನೆ ಮುಟ್ಟುವ ಮೊದಲೇ ಕಂಟ್ರಾಕ್ಟರನಿಗೆ ಎರಡನೇ ಮದುವೆಯಂತೆ ಎಂಬ ಸುದ್ದಿ ಅವನ ಹೆಂಡತಿಯ ಕಿವಿ ಮುಟ್ಟಿತ್ತು.

ಮರುದಿನ ಆ ಹೆಂಡತಿ ಬಂದು ಕೂಗಿದ ಕೂಗಿಗೆ ಕಾಗೆಗಳು ಊರು ಬಿಟ್ಟವು.

"ಯಾವಳೇ ನನ್ನ ಗಂಡನಿಗೆ ಹೆಣ್ಣು ಕೊಡೋಳು? ಸೋರೋ ನಲ್ಲಿ ಸರಿಮಾಡಿಸಿ ಅಂತ ವರ್ಷಗಟ್ಟಲೆ ಬಡ್ಕೊಂಡೆ, ಬರೀ ನಾಳೆ ನಾಳೆ ಅಂತಾರೆ! ಆ ನಾಳೆನ ಕಟ್ಕೊಂಡು ನಿಮ್ಮ ಹುಡುಗಿ ಬಾಳ್ತಾಳಾ?"

"ಹೆಣ್ಣಲ್ಲ ತಾಯಿ, ವೋಟು ಕೊಡೋಕೆ ಕೇಳಿದ್ದು," ಎಂದಳು ಅಕ್ಕ. "ಈಗ ಅದೂ ಕೊಡಲ್ಲ."

ಭಾವನವರ ಮುಖ ಕೆಂಡವಾಯಿತು. "ಮೇಜು ಈಗಲೇ ಆಚೆ ಹೋಗಬೇಕು!"

"ಹಾಗಾದ್ರೆ ಆ ಕಡೆ ನೀವು ಹಿಡೀರಿ. ಬೀದೀಲಿ ಗಾಳಿ ಚೆನ್ನಾಗಿದೆ. ಯಾಕಮ್ಮ ಇಲ್ಲಿ ಅಂತ ಕೇಳಿದವರಿಗೆಲ್ಲ ಕಾರಣಾನೂ ಹೇಳಬಹುದು."

ಬೀದಿಯವರೆಲ್ಲ ನೋಡುತ್ತಿದ್ದರು. ಮೇಜಿನ ಅಂಚಿಗೆ ಕೈ ಹಾಕಿದ್ದ ಭಾವನವರು ಮೆಲ್ಲಗೆ ಬಿಟ್ಟರು. ಅಕ್ಕ ಬಿಡಲಿಲ್ಲ, ಒಬ್ಬಳೇ ದರದರನೆ ಬೀದಿಗೆ ಎಳೆದುಕೊಂಡು ಹೋದಳು.